ಬುವಾ ಎತ್ತಿದ ಭಂಡಾರ

ದುಂಡವ್ವನ ಆಯಿ, ಅಂದರೆ ಅವ್ವನ ಅವ್ವ, ಸಾಯುವ ತನಕ ಒಂದೇ ನಮೂನೆಯ ಕಥೆ ಹೇಳುತ್ತಿದ್ದಳು. ಕುರಿ ಕಾಯುವ ಹುಡುಗಿ ಇರುತ್ತಾಳೆ. ದಾರಿ ತಪ್ಪಿದ ರಾಜ ಬರುತ್ತಾನೆ. ನೀರು ಕೇಳುತ್ತಾನೆ. ಹುಡುಗಿ ಬೊಗಸೆಯಲ್ಲಿ ನೀರು ಕೊಡುತ್ತಾಳೆ. ಕಡೆಗೆ ರಾಣಿಯಾಗುತ್ತಾಳೆ. ಹೆಂಗ ಆದಳು ಆಯಿ ಎಂದು ಕೇಳಿದರೆ, "ನೀರ ಕೊಟ್ಟಳಲ್ಲ, ಆದಳು," ಎಂದು ಮಗ್ಗಲು ಬದಲಿಸುತ್ತಿದ್ದಳು.

ದುಂಡವ್ವನೂ ನೀರು ಕೊಟ್ಟಳು. ಎರಡು ತಿಂಗಳು ಹೊತ್ತು ಹೊತ್ತು ಕೊಟ್ಟಳು. ರಾಣಿಯಾಗಲಿಲ್ಲ. ಪೇಪರಿನಲ್ಲಿ ಬಂದಳು.

ಪೇಪರು ಆರಗಕ್ಕೆ ಬಂದದ್ದು ಶ್ರಾವಣದ ಒಂದು ಬುಧವಾರ, ಮಿರಜಿನಿಂದ ಬರುವ ಸರ್ವಿಸ್ ಮೋಟಾರಿನಲ್ಲಿ. ಅಲ್ಲಿ ಮರಾಠಿ ಅಕ್ಷರ ಕೂಡಿಸಿ ಓದುವವನು ಕಿರಾಣಿ ಅಂಗಡಿಯ ಗುರಲಿಂಗ. ಅಂಗಡಿ ಹಲಗೆಯ ಮೇಲೆ ಕುಂತು ಮರಾಠಿಯಲ್ಲಿ ಒಂದು ಸಾಲು ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು, ಸುತ್ತ ಕುಂತವರ ಮುಖ ನೋಡಿ ಮುಂದಿನ ಸಾಲಿಗೆ ಹೋಗುವುದು. ದುಂಡವ್ವ ಉಪ್ಪು ತರಲು ಹೋಗಿದ್ದಳು. ಬಲಗೈಯ ಎರಡು ಬೆರಳಿಗೆ ಬಿದಿರಿನ ಚಕ್ಕೆ ಇಟ್ಟು ಬಟ್ಟೆ ಸುತ್ತಿತ್ತು.

"ಬಾ ದುಂಡಕ್ಕಾ, ನಿನ್ನ ಹೆಸರ ಬಂದೈತಿ," ಅಂದ ಗುರಲಿಂಗ. "ಅಚ್ಚಿನಾಗ ಬಂದೈತಿ. ನಮ್ಮೂರ ಹೆಸರೂ ಬಂದೈತಿ."

"ಬುವಾನ ಹೆಸರ ಬಂದೈತೇನು?"

"ಅವರ ಹೆಸರ ಎಲ್ಲಿ ಬರ್ತೈತಿ? 'ಒಬ್ಬ ಸುಪ್ರಸಿದ್ಧ ಗಾಯಕ ನಟ' ಅಂತ ಬರದಾರ."

"ಮತ್ತ ನನ್ನ ಹೆಸರ ಯಾಕ ಬರದಾರ?"

ಗುರಲಿಂಗ ತಲೆ ಕೆರೆದುಕೊಂಡ. "ನೀ ಸುಪ್ರಸಿದ್ಧ ಅಲ್ಲಲ್ಲಬೇ. ಬರೀದಿದ್ದರ ಯಾರಿಗೆ ತಿಳೀತೈತಿ?"

ಹಲಗೆಯ ಸುತ್ತ ಕುಂತವರು ನಕ್ಕರು. ದುಂಡವ್ವ ಉಪ್ಪು ಕಟ್ಟಿಸಿಕೊಂಡು ಬಂದಳು. ಹಿಂದಿನಿಂದ ಯಾರೋ ಬುವಾನ ಒಂದು ಪದದ ಮೊದಲ ಸಾಲು ಗುನುಗಿದರು. ಮತ್ತೆ ನಗು.

ಆ ನಟ ಯಾರೆಂದು ಸಾಂಗಲಿ ಸಂಸ್ಥಾನದಲ್ಲಾಗಲಿ ಮಿರಜ ಸಂಸ್ಥಾನದಲ್ಲಾಗಲಿ ತಿಳಿಯದವರು ಇರಲಿಲ್ಲ. ಹಯಗ್ರೀವಬುವಾ. ಕಂಪನಿಯ ಮಾಲಕ, ಕಂಪನಿಯ ಗಂಟಲು. ಅವನದು ಸಂತರ ಪಾರ್ಟು. ರಂಗದ ಮೇಲೆ ತಾಳ ಹಿಡಿದು ಒಂದು ಸಲ ವಿಠಲಾ ಎಂದು ಕೂಗಿದನೆಂದರೆ ಮುಂದಿನ ಖುರ್ಚಿಯ ವಕೀಲರೂ ಹಿಂದೆ ನೆಲದ ಮೇಲಿನ ಹಮಾಲರೂ ಒಟ್ಟಿಗೆ ಅಳಬೇಕು. ನಾಟಕ ಮುಗಿದ ಮೇಲೆ ಹೆಂಗಸರು ಕೂಸುಗಳನ್ನು ತಂದು ಅವನ ಕಾಲ ಮೇಲೆ ಹಾಕುತ್ತಿದ್ದರು. ಬಣ್ಣ ತೊಳೆಯುವ ಮುಂಚೆ ಹಾಕಬೇಕು. ತೊಳೆದ ಮೇಲೆ ಅವನಿಗೆ ಕೂಸುಗಳು ಸೇರುತ್ತಿರಲಿಲ್ಲ.

ಮಳೆಗಾಲದಲ್ಲಿ ಕಂಪನಿ ಊರೂರು ತಿರುಗುವುದಿಲ್ಲ. ಒಂದು ಕಡೆ ಬಿಡಾರ ಹಾಕಿ, ಹತ್ತಿರದ ಪೇಟೆಯಲ್ಲಿ ವಾರಕ್ಕೊಂದು ಆಟ ಆಡುತ್ತ, ಹೊಸ ನಾಟಕ ಕೂಡಿಸುತ್ತದೆ. ಆ ವರ್ಷ ವಿಶ್ರಾಮಬಾಗದಲ್ಲಿ ಒಂದು ಬಂಗಲೆ ಹಿಡಿದಿದ್ದರು. ಕಂಪನಿಯ ಮ್ಯಾನೇಜರ ಬಾಪೂಸಾಹೇಬ ಕಂಬಳಿ ಕೊಳ್ಳಲು ಆರಗಕ್ಕೆ ಬಂದಾಗ ದುಂಡವ್ವನ ಅಪ್ಪ ಜ್ಯೋತೆಪ್ಪನ ಮುಂದೆ ಮಾತು ತೆಗೆದ. ನೀರು ಹೊರಲು, ಬಟ್ಟೆ ಒಗೆಯಲು ಗಟ್ಟಿ ಹೆಣ್ಣಾಳು ಬೇಕು. ದುಂಡವ್ವನಿಗೆ ಇಪ್ಪತ್ತೆರಡು. ಗಂಡ ಹಾವು ಕಚ್ಚಿ ಸತ್ತು ಮೂರು ವರ್ಷವಾಗಿತ್ತು. ಗಟ್ಟಿ ಇದ್ದಳು. ಕಳಿಸಿದರು.

ಬಂಗಲೆಯ ಬಾವಿಯಿಂದ ಮಾಳಿಗೆಗೆ ಇಪ್ಪತ್ತಾರು ಪಾವಟಿಗೆ. ಮುಂಜಾನೆ ನಲವತ್ತು ಕೊಡ, ಸಂಜೆ ನಲವತ್ತು ಕೊಡ. ನಡುವೆ ಬಟ್ಟೆ. ನಟರು ಮುಖಕ್ಕೆ ಬಳಿಯುವ ಸಫೇದಾ ಕೊರಳಪಟ್ಟಿಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಸೀಗೆಕಾಯಿ ಹಾಕಿ, ಕಲ್ಲಿಗೆ ತಿಕ್ಕಿ, ಉಗುರಿನಿಂದ ಕೆರೆಯಬೇಕು. ಜರಿ ಬಟ್ಟೆಗೆ ಕೆರೆಯುವಂತಿಲ್ಲ. ಬೆರಳ ತುದಿಯಿಂದ ಹಿಂಡಿ ಹಿಂಡಿ ತೆಗೆಯಬೇಕು. ತಿಂಗಳೊಳಗೆ ಅವಳ ಉಗುರು ಎದ್ದಿದ್ದವು. ಬಿಡಾರದಲ್ಲಿ ಎರಡು ಹೊಸ್ತಿಲು ಇದ್ದವು. ಅಡಿಗೆಮನೆಯ ಹೊಸ್ತಿಲನ್ನು ಅವಳು ದಾಟುವಂತಿರಲಿಲ್ಲ, ಮೈಲಿಗೆ. ಬುವಾನ ಕೋಣೆಯ ಹೊಸ್ತಿಲನ್ನು ದಾಟದೆ ಇರುವಂತಿರಲಿಲ್ಲ. ಸ್ನಾನದ ನೀರು ಅಲ್ಲಿಗೇ ಹೋಗಬೇಕು. ಅಲ್ಲಿ ಮೈಲಿಗೆ ಇಲ್ಲ.

ಸುಳ್ಳು ಯಾಕೆ ಹೇಳಬೇಕು, ಅವನ ಹಾಡು ಅವಳಿಗೆ ಸೇರುತ್ತಿತ್ತು. ಮಾಳಿಗೆಯ ಮೇಲೆ ಬುವಾ ಆಲಾಪ ತೆಗೆದರೆ ಕೆಳಗೆ ಒಗೆಯುವ ಕಲ್ಲಿನ ಹತ್ತಿರ ಅವಳ ಕೈ ತನ್ನಷ್ಟಕ್ಕೆ ನಿಲ್ಲುತ್ತಿತ್ತು. ಆಯಿಯ ಕಥೆಯ ರಾಜರು ಹಿಂಗ ಮಾತಾಡತಿದ್ದರೇನೋ ಅಂದುಕೊಳ್ಳುತ್ತಿದ್ದಳು. ಅಷ್ಟೊತ್ತಿಗೆ ಅಡಿಗೆಯ ತುಳಸಾಬಾಯಿ ಕಿಡಕಿಯಿಂದ ಕೂಗುತ್ತಿದ್ದಳು, "ಏ ದುಂಡೀ, ಕಿವಿ ತುಂಬಿದರ ಹೊಟ್ಟಿ ತುಂಬಂಗಿಲ್ಲ, ಕೊಡ ತಗೀ!"

ಆಷಾಢದ ಒಂದು ಮಂಗಳವಾರ ಮಧ್ಯಾಹ್ನ. ಉಂಡು ಎಲ್ಲರೂ ಅಡ್ಡಾಗಿದ್ದರು. ಬುವಾ ಕಾಲಿಗೆ ಬಿಸಿನೀರು ಬೇಕೆಂದ. ಅವಳು ಒಯ್ದಳು. ಒಳಗಿನಿಂದ ಅಗಳಿ ಬಿತ್ತು.

ಆಮೇಲೆ ಆದದ್ದು ಇಲ್ಲಿ ಬೇಡ. ಅದನ್ನು ಅಚ್ಚು ಹಾಕಿ ಮಾರಿದವರು ಬೇರೆ ಇದ್ದಾರೆ. ಇಷ್ಟು ಹೇಳಬಹುದು: ಅವಳು ಒಮ್ಮೆ ಬಾಗಿಲ ತನಕ ಬಂದು ಅಗಳಿ ತೆಗೆದಿದ್ದಳು. ಕೈ ಹೊರಗೆ ಹಾಕಿದ್ದಳು. ಅವನು ಬಾಗಿಲನ್ನು ಆ ಕೈಯ ಮೇಲೆಯೇ ಹಾಕಿದ. ಎರಡು ಬೆರಳು ಮುರಿದವು. ಮುರಿದ ಸದ್ದು ಹೊರಗೆ ಕೇಳಿರಬೇಕು. ಯಾಕೆಂದರೆ ಆ ಸಂದಿಯಲ್ಲಿ, ಪಡಸಾಲೆಯಲ್ಲಿ ನಿಂತ ತುಳಸಾಬಾಯಿಯ ಮುಖವನ್ನು ಅವಳು ನೋಡಿದಳು. ತುಳಸಾಬಾಯಿ ಅವಳನ್ನು ನೋಡಿದಳು. ನೋಡಿ, ಕೆಳಗೆ ಇಳಿದು ಹೋದಳು.

ದುಂಡವ್ವ ವಿಶ್ರಾಮಬಾಗದಿಂದ ಆರಗಕ್ಕೆ ನಡೆದುಕೊಂಡು ಬಂದಳು. ಕೈ ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಅವ್ವ ಹಣಮವ್ವ ದೊಡ್ಡಿಯಲ್ಲಿ ಕುರಿಗೆ ಸೊಪ್ಪು ಹಾಕುತ್ತಿದ್ದಳು. ಕೇಳಿದಳು. ಪೂರ್ತಿ ಕೇಳಿದಳು. ಕೇಳಿ ಒಂದೇ ಮಾತು ಅಂದಳು: "ನಿಮ್ಮಪ್ಪಗ ನಾ ಹೇಳತೇನಿ. ನೀ ಹೇಳಬ್ಯಾಡ."

ಮಾರನೆಯ ದಿನ ಅಪ್ಪ ಮಗಳು ಠಾಣೆಗೆ ಹೋದರು. ಅಲ್ಲಿಯ ಜಮಾದಾರ ಕೇಳಿದ, ಆದದ್ದು ಎಲ್ಲಿ? ಬಂಗಲೆಯಲ್ಲಿ. ಬಂಗಲೆ ಯಾವ ಸಂಸ್ಥಾನದ ಹದ್ದಿನಲ್ಲಿ? ಜ್ಯೋತೆಪ್ಪನಿಗೆ ಗೊತ್ತಿಲ್ಲ. ಹಂಗಾದರ ಇದು ನಮ್ಮ ಹದ್ದಲ್ಲ, ಆ ಸಂಸ್ಥಾನದ್ದು, ಅಲ್ಲಿಗೆ ಹೋಗ್ರಿ. ಅಲ್ಲಿಗೆ ಹೋದರು. ಅಲ್ಲಿಯವನು ಹೇಳಿದ, ಹೆಣ್ಣುಮಗಳು ಆ ಸಂಸ್ಥಾನದವಳು, ಅಲ್ಲೇ ಬರೆಸಬೇಕು. ಕುರಿಗೆ ಹದ್ದು ಇಲ್ಲ, ಎಲ್ಲಿ ಹುಲ್ಲಿದ್ದರೆ ಅಲ್ಲಿ. ಈ ರಾಜರು ಆರು ಮೈಲಿಗೊಂದು ಹದ್ದು ಮಾಡಿ ಇಟ್ಟಿದ್ದಾರೆ ಎಂಬುದು ಜ್ಯೋತೆಪ್ಪನಿಗೆ ಅವತ್ತು ಕಾಲಿನಿಂದ ತಿಳಿಯಿತು. ಮೂರನೆಯ ದಿನ ಯಾರೋ ಒಬ್ಬ ಕಾರಕೂನ ಬೇಸರಕ್ಕೆ ಅರ್ಜಿ ಬರೆದುಕೊಂಡ. ಜ್ಯೋತೆಪ್ಪ ಹೆಬ್ಬೆಟ್ಟು ಒತ್ತಿದ.

ಠಾಣೆಯ ಪಾವಟಿಗೆ ಇಳಿಯುವಾಗ ಅವರನ್ನು ಹಿಡಿದವನು ಪಂಢರಿನಾಥಪಂತ. ಒಂದು ವಾರಪತ್ರಿಕೆ ನಡೆಸುತ್ತಿದ್ದ. ಮೂಗಿನ ತುದಿಗೆ ಚಶ್ಮಾ, ಕಂಕುಳಲ್ಲಿ ಛತ್ರಿ. ಕನ್ನಡ ಚೊಲೋ ಮಾತಾಡುತ್ತಿದ್ದ.

"ತಂಗೀ, ಹೆದರಬ್ಯಾಡ. ನಾ ಇದನ್ನ ಜಗತ್ತಿಗೆ ಕೂಗಿ ಹೇಳತೇನಿ. ಏನೇನಾತು, ಎಲ್ಲಾ ಹೇಳು."

ಆ ಮೂರು ದಿನದಲ್ಲಿ ಅವಳನ್ನು ತಂಗೀ ಎಂದವನು ಅವನೊಬ್ಬ. ಅವಳು ಹೇಳಿದಳು. ಹೇಳಲು ಸ್ವಲ್ಪ ಹೊತ್ತು ಸಾಕಾಯಿತು. ಅವನ ಕೈ ಬರೆಯುತ್ತಲೇ ಇತ್ತು. ಆಮೇಲೆ ಕೇಳಿದ, "ಅವತ್ತ ಯಾವ ಬಣ್ಣದ ಸೀರಿ ಉಟ್ಟಿದ್ದಿ?"

"ಯಾಕ್ರಿ?"

"ಓದೋ ಮಂದಿಗೆ ಕಣ್ಣಿಗೆ ಕಟ್ಟಬೇಕವಾ."

ಪಂಢರಿನಾಥಪಂತನಿಗೆ ಕಂಪನಿಯ ಮೇಲೆ ಹಳೆಯ ಸಿಟ್ಟಿತ್ತು. ಅವನು ಬರೆದ ನಾಟಕವನ್ನು ಬುವಾ ಎರಡು ವರ್ಷ ಇಟ್ಟುಕೊಂಡು, ಮೇಲೆ ಚಹಾದ ಕಲೆ ಮಾಡಿ, ತಿರುಗಿ ಕಳಿಸಿದ್ದ. ಇದು ಜ್ಯೋತೆಪ್ಪನಿಗೂ ಗೊತ್ತಿಲ್ಲ, ದುಂಡವ್ವನಿಗೂ ಗೊತ್ತಿಲ್ಲ.

ಪೇಪರು ಬಂತು. ಸೀರೆಯ ಬಣ್ಣವೂ ಬಂತು. ಒಂದೇ ದಿನದಲ್ಲಿ ಪ್ರತಿ ತೀರಿ ಮತ್ತೊಮ್ಮೆ ಅಚ್ಚು ಹಾಕಿದರು. ಮುಂದಿನ ವಾರ ಕಂಪನಿಯ ಕಡೆಯ ಇನ್ನೊಂದು ಪೇಪರು ಬಂತು. ಅದರಲ್ಲಿ ದುಂಡವ್ವ ಬೆಳ್ಳಿ ತಂಬಿಗೆ ಕದ್ದವಳು. ಓಡಿಹೋಗುವಾಗ ಬಾಗಿಲಿಗೆ ಕೈ ಸಿಕ್ಕಿಸಿಕೊಂಡವಳು. ಹಾವು ಕಚ್ಚಿ ಸತ್ತ ಅವಳ ಗಂಡ ಆ ಪೇಪರಿನಲ್ಲಿ 'ಸಂಶಯಾಸ್ಪದವಾಗಿ' ಸತ್ತ. ಸತ್ತವನನ್ನು ಮೂರು ವರ್ಷದ ಮೇಲೆ ಎಬ್ಬಿಸಿ ಮತ್ತೆ ಸಾಯಿಸಿದರು.

ಮಿರಜಿನಿಂದ ಜನ ಬರತೊಡಗಿದರು. ಕುರಿ ನೋಡಲು ಬಂದೇವಿ, ಉಣ್ಣೆ ಕೊಳ್ಳಲು ಬಂದೇವಿ ಅನ್ನುವರು. ಕಣ್ಣು ಅವಳ ಮೇಲೆ. ಒಬ್ಬ ಹೆಣ್ಣುಮಗಳು, ಮೂಗಿನಲ್ಲಿ ಮುತ್ತಿನ ನತ್ತು, ಹಣಮವ್ವನನ್ನು ನೇರ ಕೇಳಿದಳು, "ಇವಳೇ ಏನು? ಇಷ್ಟ ಕರ್ರಗ ಅದಾಳ. ಬುವಾಗ ಬ್ಯಾರೆ ಯಾರೂ ಸಿಗಲಿಲ್ಲೇನು?" ಹಣಮವ್ವ ಕೈಯಲ್ಲಿದ್ದ ಸಗಣಿ ಬುಟ್ಟಿಯನ್ನು ಅವಳ ಕಾಲ ಹತ್ತಿರ ಕುಕ್ಕಿದಳು. ನತ್ತಿನವಳು ಸೀರೆ ಎತ್ತಿ ಹಿಡಿದು ಟಾಂಗಾ ಹತ್ತಿದಳು. ಆ ತಿಂಗಳಲ್ಲಿ ದುಂಡವ್ವ ಒಂದು ಸಲ ನಕ್ಕದ್ದು ಅದಕ್ಕೇ.

ಬುವಾನ ನಾಟಕಕ್ಕೆ ಜನ ಕಡಿಮೆಯಾಗಲಿಲ್ಲ, ಹೆಚ್ಚಾದರು. ಪೇಪರು ಓದಿದವರೆಲ್ಲ ಅವನ ಮುಖದ ಮೇಲೆ ಏನಾದರೂ ಕಂಡೀತೇ ಎಂದು ನೋಡಲು ಬಂದರು. ಅವನು ಎಂದಿಗಿಂತ ನೋವಿನಿಂದ ಹಾಡಿದ. ಜನ ಎಂದಿಗಿಂತ ಹೆಚ್ಚು ಅತ್ತರು. ಪಾಪ, ಅಂದರು. ಯಾರಿಗೆ ಅಂದರು ಎಂದು ಹೇಳುವುದು ಬೇಕಿಲ್ಲ.

ಜ್ಯೋತೆಪ್ಪ ಒಮ್ಮೆ ಮಗಳನ್ನು ಕರೆದುಕೊಂಡು ಬಂಗಲೆಯ ಹಿತ್ತಲಿಗೆ ಹೋಗಿ ತುಳಸಾಬಾಯಿಯನ್ನು ಕಂಡ. ಕಚೇರಿಯಲ್ಲಿ ಸಾಕ್ಷಿ ಕೇಳುತ್ತಾರೆ. ನೋಡಿದವಳು ಅವಳೊಬ್ಬಳೇ.

ತುಳಸಾಬಾಯಿ ಒಲೆಯ ಬೂದಿ ಸುರಿಯಲು ಹೊರಗೆ ಬಂದಳು. "ಮಾಮಾ, ನಾ ಏನೂ ನೋಡಿಲ್ಲರಿ," ಅಂದಳು. ಜ್ಯೋತೆಪ್ಪ ತಿರುಗಿದ ಮೇಲೆ ದುಂಡವ್ವನಿಗೆ ಮಾತ್ರ ಕೇಳುವಂತೆ ಅಂದಳು, "ನಿನಗ ಊರ ಐತಿ, ದೊಡ್ಡಿ ಐತಿ, ಹೊಡೀಲಿ ಬೈಲಿ ಅಪ್ಪ ಅದಾನ. ನನಗ ಈ ಒಲಿ ಬಿಟ್ಟರ ಏನೈತಿ ಹೇಳು? ನಿನಗಿಂತ ಮೊದಲ ನೀರ ಹೊತ್ತವರು ಯಾರ ಅಂತ ತಿಳದಿ?"

ದುಂಡವ್ವನಿಗೆ ಬೈಯಬೇಕೆನಿಸಿತು. ಬೈಯದೆ ಅಪ್ಪನ ಹಿಂದೆ ನಡೆದಳು.

ಅದಾದ ಎಂಟು ದಿನಕ್ಕೆ ಬಾಪೂಸಾಹೇಬ ಕಾರಿನಲ್ಲಿ ಬಂದ. ಜ್ಯೋತೆಪ್ಪನ ಮನೆಗಲ್ಲ, ನೇರ ಬೀರಪ್ಪನ ಗುಡಿಗೆ. ಗುಡಿ ಅಂದರೆ ಊರ ಹೊರಗಿನ ದಿಬ್ಬದ ಮೇಲೆ ಒಂದು ಬೇವಿನ ಗಿಡ, ಕೆಳಗೆ ಕಲ್ಲಿನ ಕಟ್ಟೆ. ಪೂಜಾರಿ ಕಾಡಸಿದ್ದಪ್ಪ, ಎಪ್ಪತ್ತು ದಾಟಿದವನು, ಕುರುಬರ ಹಿರಿಯ. ಕೆಟ್ಟವನಲ್ಲ. ಇದನ್ನು ನೆನಪಿಡಬೇಕು. ಅವನ ಬಾಯಿಂದ ಎಂದೂ ಸುಳ್ಳು ಬಂದದ್ದಿಲ್ಲ.

"ಕಾಕಾ," ಅಂದ ಬಾಪೂಸಾಹೇಬ, ಚಪ್ಪಲಿ ದೂರ ಬಿಟ್ಟು, ಕೈ ಮುಗಿದು. "ಕೋರ್ಟು ಮನುಷ್ಯಾರದು. ಪೇಪರು ಅಂತೂ ನಾಯಿ ಬಾಯಿ. ಬುವಾ ಏನ ಅಂತಾರಂದರ, ನನ್ನ ನ್ಯಾಯ ನಿಮ್ಮ ಬೀರೋಬಾನ ಮುಂದ ಆಗಲಿ. ಭಂಡಾರ ಎತ್ತತೇನಿ ಅಂತಾರ."

ಕಾಡಸಿದ್ದಪ್ಪ ಕೋಲು ಊರಿ ಎದ್ದು ನಿಂತ.

ಭಂಡಾರವೆಂದರೆ ದೇವರ ಮುಂದಿನ ಅರಿಷಿಣ. ಕುರುಬರಲ್ಲಿ ಕಡೆಯ ಮಾತು ಅದು. ಆಪಾದನೆ ಹೊತ್ತವನು ಆ ಅರಿಷಿಣವನ್ನು ಬಲಗೈಯಲ್ಲಿ ಎತ್ತಿ ಹಿಡಿದು ನಾ ಮಾಡಿಲ್ಲ ಅನ್ನಬೇಕು. ಅಂದ ಮೇಲೆ ಮಾತು ಮುಗಿಯಿತು. ಕಚೇರಿ ಇಲ್ಲ, ಪಂಚಾಯತಿ ಇಲ್ಲ. ಸುಳ್ಳು ಹೇಳಿದ್ದರೆ ಹನ್ನೆರಡು ದಿನದೊಳಗೆ ದೇವರು ನೋಡಿಕೊಳ್ಳುತ್ತಾನೆ. ಕಾಡಸಿದ್ದಪ್ಪನ ಕಾಲದಲ್ಲೇ ಮೂವರು ಎತ್ತಲು ಬಂದಿದ್ದರು. ಮೂವರಿಗೂ ಆಗಲಿಲ್ಲ. ದುಂಡವ್ವನ ಸೋದರಮಾವ, ಲಿಂಗನೂರಿನವನು, ಮರಿ ಕದ್ದ ಆಪಾದನೆಗೆ ಬಂದು, ಕೈ ಚಾಚಿ, ಮೊಣಕೈ ತನಕ ನಡುಗಿ, ಅಲ್ಲೇ ಕುಸಿದು ಕುಂತು, ಕದ್ದೇನಿ ಅಂದಿದ್ದ. ಆಗ ಅವಳಿಗೆ ಎಂಟು ವರ್ಷ. ಆ ನಡುಗುವ ಕೈಯನ್ನು ಅವಳು ಕಣ್ಣಾರೆ ನೋಡಿದ್ದಳು.

ಅದಕ್ಕೇ ಜ್ಯೋತೆಪ್ಪ ಬಂದು, "ಏನ ಅಂತಿ?" ಎಂದು ಕೇಳಿದಾಗ ಅವಳೇ ಹೂಂ ಅಂದಳು. ಯಾರೂ ಒತ್ತಾಯ ಮಾಡಲಿಲ್ಲ. ಅವಳೇ ಅಂದಳು.

"ಎತ್ತಲಿ ಅಪ್ಪಾ. ಎತ್ತಾಕ ಬರಂಗಿಲ್ಲ ಅವಗ."

"ಅರ್ಜಿ ತಿರುಗಿ ತಗೋಬೇಕಂತ ಮೊದಲ."

"ತಗೋ."

ಜ್ಯೋತೆಪ್ಪ ಮತ್ತೊಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಒತ್ತುವಾಗ ಅವನ ಮುಖದ ಮೇಲೆ ಒಂದು ನಮೂನೆ ಗೆಲುವಿತ್ತು. ಇಷ್ಟು ದೊಡ್ಡ ಮನುಷ್ಯ ನಮ್ಮ ದೇವರ ಕಟ್ಟೆಗೆ ಬರುತ್ತಾನಲ್ಲ.

ರವಿವಾರ ಮುಂಜಾನೆ ಎರಡು ಕಾರು ಬಂದವು. ಆರಗ, ಲಿಂಗನೂರು, ಸುತ್ತಲಿನ ದೊಡ್ಡಿಗಳ ಜನ ದಿಬ್ಬದ ಮೇಲೆ ಸೇರಿದ್ದರು. ಮೊದಲ ಕಾರಿನಿಂದ ಬುವಾ ಇಳಿದ. ಬರಿಗಾಲು, ಬಿಳಿ ಧೋತರ, ಮೈಮೇಲೆ ಒಂದು ಶಲ್ಯ, ಬೇರೇನೂ ಇಲ್ಲ. ಮುಳ್ಳು ತುಳಿದ. ತೆಗೆಯಲು ಬಗ್ಗಿದ ಬಾಪೂಸಾಹೇಬನನ್ನು ಕೈಸನ್ನೆಯಿಂದ ತಡೆದು ಹಾಗೇ ನಡೆದ. ಹೆಂಗಸರ ನಡುವೆ ಅಯ್ಯೋ ಎಂಬ ಸದ್ದು ಹೋಯಿತು. ಎರಡನೆಯ ಕಾರಿನಿಂದ ಕೊಲ್ಲಾಪುರದ ಫೋಟೋದವನು ಮೂರು ಕಾಲಿನ ಪೆಟ್ಟಿಗೆ ಇಳಿಸಿದ. ಅವನ ಹಿಂದೆ, ಮೂಗಿನ ತುದಿಗೆ ಚಶ್ಮಾ, ಕಂಕುಳಲ್ಲಿ ಛತ್ರಿ, ಪಂಢರಿನಾಥಪಂತ.

ದುಂಡವ್ವನಿಗೆ ಒಂದು ಗಳಿಗೆ ತಿಳಿಯಲಿಲ್ಲ. ತನ್ನ ಕಡೆಗೆ ಬಂದಾನೆಂದು ನೋಡಿದಳು. ಅವನು ಬರಲಿಲ್ಲ. ಅವಳ ತಲೆಯ ಮೇಲಿಂದ ಬೇವಿನ ಗಿಡವನ್ನು ನೋಡಿದ. ಅವನ ನಾಟಕ ಕಂಪನಿಗೆ ಮತ್ತೆ ಬೇಕಾಗಿತ್ತು. ದಸರೆಗೆ ಅದನ್ನೇ ಆಡುವವರಿದ್ದರು. ಇದನ್ನು ಗುರಲಿಂಗ ಆಮೇಲೆ ಓದಿ ಹೇಳಿದ.

ಕಾಡಸಿದ್ದಪ್ಪ ಕಂಬಳಿ ಹಾಸಿ, ತಾಟಿನಲ್ಲಿ ಭಂಡಾರ ಇಟ್ಟು, ಅನ್ನಬೇಕಾದ ಮಾತನ್ನು ಹೇಳಿಕೊಟ್ಟ. ಬುವಾನ ಕನ್ನಡ ಹರಕು. ಆದರೆ ಒಮ್ಮೆ ಕೇಳಿ ಎರಡನೆಯ ಸಲ ಕೇಳಲಿಲ್ಲ. ಮಾತು ಬಾಯಿಪಾಠ ಮಾಡುವುದು ಅವನ ಕಸುಬು.

ದುಂಡವ್ವ ಅವನ ಕೈಯನ್ನೇ ನೋಡುತ್ತಿದ್ದಳು. ಈಗ ನಡುಗತೈತಿ. ತಾಟಿನ ಹತ್ತಿರ ಹೋಯಿತು. ಈಗ. ಬೆರಳು ಅರಿಷಿಣದೊಳಗೆ ಇಳಿದವು. ಈಗ. ಮುಷ್ಟಿ ಮೇಲೆ ಬಂತು, ಎದೆಗೆ ಬಂತು, ಹಣೆಗೆ ಬಂತು. ಈ ಕೈ ಎಷ್ಟು ವರ್ಷದಿಂದ ಎಷ್ಟು ಸಾವಿರ ಜನರ ಮುಂದೆ ದೇವರ ಪಾದದ ಹೂವು ಎತ್ತಿದೆಯೋ. ಅದಕ್ಕೆ ನಡುಗುವುದು ಗೊತ್ತಿತ್ತು, ಬೇಕಾದಾಗ. ಇವತ್ತು ಬೇಕಿರಲಿಲ್ಲ.

"ಈ ಹೆಣ್ಣಮಗಳಿಗೆ ನಾ ಏನೂ ಮಾಡಿಲ್ಲ," ಅಂದ ಬುವಾ. ನಿಲ್ಲಿಸಿದ. ಹೇಳಿಕೊಟ್ಟ ಮಾತು ಅಲ್ಲಿಗೆ ಮುಗಿದಿತ್ತು. ಅವನು ತನ್ನದೊಂದು ಸೇರಿಸಿದ. "ಮಾಡಿದ್ದರ, ಹನ್ನೆರಡ ದಿನದಾಗ ಬೀರಪ್ಪ ನನ್ನ ಕಂಠ ತಗೊಂಡ ಹೋಗಲಿ."

ಎಡಗಣ್ಣಿನಿಂದ ಒಂದು ಹನಿ ಇಳಿಯಿತು. ಬಲಗಣ್ಣು ಒಣಗಿತ್ತು. ಮಾಳಿಗೆಯ ಕನ್ನಡಿಯ ಮುಂದೆ ಅವನು ಇದನ್ನು ರೂಢಿ ಮಾಡುವುದನ್ನು ದುಂಡವ್ವ ಕೊಡ ಇಳಿಸುತ್ತ ಎಷ್ಟೋ ಸಲ ನೋಡಿದ್ದಳು. ಜನ ಕುಳಿತುಕೊಳ್ಳುವ ಕಡೆಯ ಕಣ್ಣಿಗೆ ನೀರು. ಇನ್ನೊಂದಕ್ಕೆ ಬೇಕಾಗುವುದಿಲ್ಲ.

ಕಾಡಸಿದ್ದಪ್ಪ ಅಳುತ್ತಿದ್ದ. ಅರವತ್ತು ವರ್ಷ ಆ ಕಟ್ಟೆಯಲ್ಲಿ ಕುಂತವನು, ಭಂಡಾರ ಎತ್ತಿ ಗೆದ್ದವನನ್ನು ಮೊದಲ ಸಲ ನೋಡಿದ. ಹೆಂಗಸರು ನುಗ್ಗಿ ಬುವಾನ ಕಾಲಿಗೆ ಬಿದ್ದರು. ಆ ನೂಕುನುಗ್ಗಲಿನಲ್ಲಿ ಯಾರೋ ದುಂಡವ್ವನನ್ನು ಮುಂದಕ್ಕೆ ತಳ್ಳಿದರು. ಪದ್ಧತಿ ಹಾಗಿತ್ತು. ಎತ್ತಿದವನು ಅದೇ ಭಂಡಾರವನ್ನು ಆಪಾದನೆ ಹೊರಿಸಿದವರ ಹಣೆಗೆ ಹಚ್ಚಬೇಕು. ಆಗ ಮುರಿದದ್ದು ಕೂಡಿತು ಎಂದು ಲೆಕ್ಕ.

ನಡುಗದ ಆ ಕೈ ಇನ್ನೂ ಕಣ್ಣ ಮುಂದಿತ್ತು. ನೋಡುತ್ತಿದ್ದಂತೆ ಅದು ತನ್ನ ಕಡೆಗೇ ಬಂತು. ಆ ಹೆಬ್ಬೆರಳು ಹಣೆಯ ಮೇಲೆ ಎಡದಿಂದ ಬಲಕ್ಕೆ ಹೋಯಿತು. ಆ ಮಂಗಳವಾರ ಮೂಗಿಗೆ ಬಡಿದ ಅದೇ ಅತ್ತರಿನ ವಾಸನೆ.

"ದೇವರು ನಿನಗ ಒಳ್ಳೇದ ಮಾಡಲಿ," ಅಂದ ಬುವಾ, ಎಲ್ಲರಿಗೂ ಕೇಳುವಂತೆ.

ಪೆಟ್ಟಿಗೆ ಟಕ್ ಅಂತು.

ಫೋಟೋ ಎರಡೂ ಪೇಪರಿನಲ್ಲಿ ಬಂತು. ಗುರಲಿಂಗ ಈ ಸಲ ಹಲಗೆಯ ಮೇಲೆ ಓದಲಿಲ್ಲ, ಅವಳಿಗೊಬ್ಬಳಿಗೇ ಓದಿ ಹೇಳಿದ. ಅಷ್ಟು ಮರ್ಯಾದೆ ಅವನಲ್ಲಿತ್ತು.

"ನಾ ಏನ ಅಂದೆ ಅಂತ ಬರದಾರ?"

"ನೀ ಏನೂ ಅಂದಿಲ್ಲ. ಪಶ್ಚಾತ್ತಾಪದ ಕಣ್ಣೀರ ಹಾಕಿದಿ ಅಂತ ಐತಿ."

"ನಾ ಅತ್ತಿಲ್ಲ, ಗುರಲಿಂಗಣ್ಣಾ."

"ಅಚ್ಚಿನಾಗ ಐತಬೇ," ಅಂದ ಅವನು, ತಾನೇ ತಪ್ಪು ಮಾಡಿದವನ ಹಾಗೆ.

ಹನ್ನೆರಡು ದಿನ ದುಂಡವ್ವ ಉಂಡದ್ದು ನೆನಪಿಲ್ಲ. ಒಂದೊಂದು ದಿನವನ್ನು ಹಲ್ಲು ಕಚ್ಚಿ ದೂಡಿದಳು. ಕಂಠ ಅಂದಾನ. ಕಂಠಾನ ಅಂದಾನ. ಬುವಾ ಬೆಳಗ್ಗೆ ಎದ್ದು ಬಾಯಿ ತೆರೆಯುತ್ತಾನೆ, ಗಾಳಿ ಬರುತ್ತದೆ, ಸ್ವರ ಬರುವುದಿಲ್ಲ. ಇದನ್ನು ಅವಳು ಕಣ್ಣು ಮುಚ್ಚಿ ನೋಡುತ್ತಿದ್ದಳು. ಆಯಿ ಇದ್ದಿದ್ದರೆ ಈ ಕಥೆಯನ್ನು ಹಾಗೆಯೇ ಮುಗಿಸುತ್ತಿದ್ದಳು.

ಹದಿಮೂರನೆಯ ದಿನ ಸಾಂಗಲಿಯಲ್ಲಿ ಬುವಾನ ನಾಟಕದ ಖೇಳು. ಸಂತೆಗೆ ಹೋದವರು ಬಂದು ಹೇಳಿದರು. ಬುವಾ ಮೊದಲ ಪದ ಹಾಡಿದ. ಜನ ವನ್ಸ್ ಮೋರ್ ಅಂದರು. ಮತ್ತೆ ಹಾಡಿದ. ಮತ್ತೆ ಅಂದರು. ಮೂರನೆಯ ಸಲ ಹಾಡುವಾಗ, ಬೀರೋಬಾನೇ ಕೊಟ್ಟ ಕಂಠ ಇದು ಎಂದು ರಂಗದ ಮೇಲೆ ನಿಂತು ಕೈ ಮುಗಿದನಂತೆ.

ಹದಿನಾಲ್ಕನೆಯ ದಿನ ಜ್ಯೋತೆಪ್ಪನ ದೊಡ್ಡಿಯಲ್ಲಿ ಮೂರು ಕುರಿ ಸತ್ತವು.

ಭಾದ್ರಪದದಲ್ಲಿ ಕುರಿ ಸಾಯುತ್ತವೆ. ಪ್ರತಿ ವರ್ಷ ಸಾಯುತ್ತವೆ. ಹಸಿ ನೆಲ, ಹಸಿ ಹುಲ್ಲು, ಗಂಟಲು ಬಾಯುತ್ತದೆ, ಜೊಲ್ಲು ಸುರಿಸಿ ಬೀಳುತ್ತವೆ. ಇದು ಕುರುಬರ ಕೂಸಿಗೂ ಗೊತ್ತು. ಹಿಂದಿನ ವರ್ಷ ಕಾಡಸಿದ್ದಪ್ಪನವೇ ಒಂಬತ್ತು ಸತ್ತಿದ್ದವು. ಆಗ ಬ್ಯಾನಿ ಅಂದರು. ಈ ಸಲ ಯಾರೂ ಬ್ಯಾನಿ ಅನ್ನಲಿಲ್ಲ.

"ದೇವರು ಇದ್ದಾನ," ಅಂದರು ಬಾವಿಯ ಹತ್ತಿರ. "ಯಾರ ಸುಳ್ಳ ಹೇಳ್ಯಾರ ಅನ್ನೂದ ತೋರಿಸಿದ."

ಮಹಾಲಯ ಅಮಾಸಿಗೆ ಹದಿನೇಳು ಆದವು. ಜ್ಯೋತೆಪ್ಪ ಒಂದೊಂದನ್ನೂ ಹೆಗಲ ಮೇಲೆ ಹೊತ್ತು ಹೋಗಿ ಹೂಳಿದ. ಮಗಳ ಕಡೆ ನೋಡುವುದನ್ನು ಬಿಟ್ಟ. ಅವಳು ನೀಡಿದರೆ ಉಣ್ಣಲಿಲ್ಲ. ಕೊಟ್ಟಿಗೆಗೆ ಬಂದರೆ ಎದ್ದು ಹೋದ. ಹೊಡೆದಿದ್ದರೆ ಚೊಲೋ ಇತ್ತು ಅನ್ನಿಸುತ್ತಿತ್ತು ಅವಳಿಗೆ. ಮುರಿದ ಬೆರಳು ಡೊಂಕಾಗಿ ಕೂಡಿದ್ದವು. ಉಣ್ಣೆ ನೂಲುವಾಗ ಎಳೆ ನಿಲ್ಲುತ್ತಿರಲಿಲ್ಲ, ಜಾರಿ ಹೋಗುತ್ತಿತ್ತು.

ದಸರೆ ಮುಗಿದರೆ ದೊಡ್ಡಿ ಎತ್ತಬೇಕು. ಕುರಿ ಹೊಡೆದುಕೊಂಡು ಮಂದಿಯೆಲ್ಲ ಬಯಲುಸೀಮೆಯ ಕಡೆ ಹೊರಡಬೇಕು. ಕಾಡಸಿದ್ದಪ್ಪ ಹೇಳಿ ಕಳಿಸಿದ. ಹೊರಡುವ ಮುಂಚೆ ದುಂಡವ್ವ ಕಟ್ಟೆಗೆ ಬಂದು ಸುಳ್ಳ ಹೇಳೇನಿ ತಪ್ಪಾತು ಅನ್ನಬೇಕು. ಅನ್ನದಿದ್ದರೆ ಅವಳು ಮಂದೆಯ ಸಂಗಡ ಬರುವಂತಿಲ್ಲ. ಅವಳನ್ನು ಇಟ್ಟುಕೊಂಡ ಮನೆಯೂ ಬರುವಂತಿಲ್ಲ.

ಹಣಮವ್ವ ಮಗಳ ಮುಂದೆ ಕುಂತಳು.

"ಎರಡ ಮಾತ ಮಗಳ. ಅಂದ ಬಿಡು. ಅಂದರ ನಾಲಿಗಿ ಏನ ಸವೀತೈತಿ?"

"ನಿನಗ ಗೊತ್ತೈತಲ್ಲಬೇ. ನಿನಗೇ ಮೊದಲ ಹೇಳೇನಿ."

"ಗೊತ್ತೈತಿ. ನನಗ ಗೊತ್ತಿದ್ದರ ಏನಾತು? ಕುರಿಗೋಳಿಗೆ ಗೊತ್ತಿಲ್ಲ." ಹಣಮವ್ವ ಬಗ್ಗಿ ಮಗಳ ಪಾದ ಹಿಡಿದಳು. ಅವ್ವ ಮಗಳ ಪಾದ ಹಿಡಿದಳು. "ಇನ್ನ ಇಪ್ಪತ್ತಾರ ಉಳದಾವ. ನಿಮ್ಮಪ್ಪ ಗಿಡಕ್ಕ ಹಗ್ಗ ಹಾಕೂದ ನೋಡಬೇಕೇನ ನಾ?"

ದುಂಡವ್ವ ಪಾದ ಬಿಡಿಸಿಕೊಂಡಳು. "ನಡಿ," ಅಂದಳು. "ಬರತೇನಿ."

ಕಟ್ಟೆಯ ಮುಂದೆ ಮೂವತ್ತು ನಲವತ್ತು ಜನ. ಗಂಡಸರು ಮುಂದೆ, ಹೆಂಗಸರು ಹಿಂದೆ. ಬಿಸಿಲು ಇನ್ನೂ ಏರಿರಲಿಲ್ಲ. ಕಾಡಸಿದ್ದಪ್ಪ ಕಂಬಳಿಯ ಮೇಲೆ ಅವಳನ್ನು ಕೂಡಿಸಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಹೇಳು ತಂಗೀ. ದೇವರ ಮುಂದ ಹೇಳು. ಹೇಳಿದರ ಮುಗೀತು. ಎಲ್ಲಾರೂ ಕೂಡಿ ಹೋಗೂಣು."

ದುಂಡವ್ವ ಬಾಯಿ ತೆರೆದಳು. ಆ ಎರಡು ಮಾತು ಬಾಯಿಯಲ್ಲಿ ಇದ್ದವು. ದಾರಿಯುದ್ದಕ್ಕೂ ರೂಢಿ ಮಾಡಿಕೊಂಡೇ ಬಂದಿದ್ದಳು. ಮುಂದೆ ಅಪ್ಪ ತಲೆ ತಗ್ಗಿಸಿ ಕುಂತಿದ್ದ. ತಲೆಗೆ ಸುತ್ತಿದ ಪಾಗೋಟಿನ ತುದಿ ನೆಲಕ್ಕೆ ಬಿದ್ದಿತ್ತು, ಎತ್ತಿಕೊಂಡಿರಲಿಲ್ಲ. ಅಂದರೆ ಅವನು ತಲೆ ಎತ್ತುತ್ತಾನೆ. ಅಂದರೆ ಇವತ್ತು ಉಣ್ಣುತ್ತಾನೆ. ಅಂದರೂ ನಾಳೆ ಮತ್ತೆರಡು ಕುರಿ ಸಾಯುತ್ತವೆ. ಆಗ ಏನು ಹೇಳಿಸುತ್ತಾರೆ?

"ಅವತ್ತ ಮಂಗಳವಾರ," ಅಂದಳು. "ಎಲ್ಲಾರೂ ಉಂಡ ಮಲಗಿದ್ದರು. ಬುವಾ ಕಾಲಿಗೆ ಬಿಸಿನೀರ ತಾ ಅಂದ."

"ಅದನ್ನಲ್ಲ ತಂಗೀ," ಅಂದ ಕಾಡಸಿದ್ದಪ್ಪ.

"ನಾ ತಂಬಿಗಿ ಒಯ್ದೆ. ಅಂವಾ ಬಾಗಲಾ ಹಾಕಿದ. ಅಗಳಿ ಹಾಕಿದ."

"ಏ, ಬಾಯಿ ಮುಚ್ಚಬೇ!" ಮುಂದಿನಿಂದ ಒಬ್ಬ ಎದ್ದ. "ಹೆಂಗಸರು ಅದಾರ ಇಲ್ಲೆ!"

ಅವಳು ಮುಚ್ಚಲಿಲ್ಲ. ಕೂಗಲೂ ಇಲ್ಲ. ಹಿಟ್ಟು ಬೀಸುವಾಗ ಮಾತಾಡಿದಂತೆ, ಒಂದರ ಹಿಂದೊಂದು, ಇದ್ದದ್ದು ಇದ್ದಂತೆ ಹೇಳುತ್ತ ಹೋದಳು. ಅವನ ಕೈ ಎಲ್ಲಿತ್ತು. ತಾನು ಏನೆಂದು ಬೇಡಿಕೊಂಡೆ. ಅವನು ಏನೆಂದು ನಕ್ಕ. ಠಾಣೆಯಲ್ಲಿ ಹೇಳುವಾಗ ನಾಚಿ ಬಿಟ್ಟದ್ದನ್ನೂ ಹೇಳಿದಳು. ಪೇಪರಿನವನು ಕೇಳದೆ ಉಳಿದದ್ದನ್ನೂ ಹೇಳಿದಳು. ಸೀರೆಯ ಬಣ್ಣ ಮಾತ್ರ ಹೇಳಲಿಲ್ಲ.

ಗಂಡಸರು ಒಬ್ಬೊಬ್ಬರೇ ಎದ್ದರು. ಉಗುಳಿದವರು ಉಗುಳಿದರು. ಹೆಂಗಸರು ಸೆರಗು ಮುಖಕ್ಕೆ ಎಳೆದುಕೊಂಡು, ಮಕ್ಕಳನ್ನು ಎಳೆದುಕೊಂಡು, ದಿಬ್ಬ ಇಳಿದರು. ಒಬ್ಬಳು ಇಳಿಯುವ ಮುನ್ನ ತಿರುಗಿ ನೋಡಿದಳು. ಗಂಡ ಕರೆದ. ಹೋದಳು. ಜ್ಯೋತೆಪ್ಪ ಪಾಗೋಟಿನ ತುದಿ ಎತ್ತಿ ಹೆಗಲಿಗೆ ಹಾಕಿಕೊಂಡ. ಮಗಳನ್ನು ದಾಟಿ ನಡೆದ. ನಿಲ್ಲಲಿಲ್ಲ.

"ಸಾಕು," ಅಂದ ಕಾಡಸಿದ್ದಪ್ಪ. ಅವನ ಕೈ ನಡುಗುತ್ತಿತ್ತು. "ಸಾಕು ತಂಗೀ, ದೇವರ ಕಟ್ಟಿ ಇದು."

"ಇನ್ನ ಮುಗದಿಲ್ಲರಿ ಕಾಕಾ."

ಅವನು ತಾಟು ಎತ್ತಿಕೊಂಡು ಹೋದ. ಕಂಬಳಿ ಬಿಟ್ಟು ಹೋದ. ಆ ಕಂಬಳಿಯನ್ನು ಇನ್ನು ಯಾರೂ ಮುಟ್ಟುವುದಿಲ್ಲ. ಕೆಳಗೆ ದೊಡ್ಡಿಯ ಗೂಟ ಕೀಳುವ ಸದ್ದು ಆಗಲೇ ಶುರುವಾಗಿತ್ತು. ನಾಯಿಗಳು ಬೊಗಳಿದವು. ಮುಂದಿನ ಕುರಿಗಳು ದಾರಿ ಹಿಡಿದವು.

ಹಣಮವ್ವ ಎದ್ದು ಹೋಗಿರಲಿಲ್ಲ. ಖಾಲಿ ನೆಲದ ಮೇಲೆ ಒಬ್ಬಳೇ, ಎರಡೂ ಕೈಯಿಂದ ಕಿವಿ ಬಿಗಿಯಾಗಿ ಮುಚ್ಚಿಕೊಂಡು, ಕಣ್ಣು ತೆರೆದು ಮಗಳ ಬಾಯನ್ನೇ ನೋಡುತ್ತ ಕುಂತಿದ್ದಳು. ಹೇಳುತ್ತ ಹೇಳುತ್ತ ದುಂಡವ್ವ ಬಾಗಿಲ ತನಕ ಬಂದಿದ್ದಳು, ಅಗಳಿ ತೆಗೆದಿದ್ದಳು, ಕೈ ಹೊರಗೆ ಹಾಕಿದ್ದಳು.